ಖಾಲಿ ಮಿಲ್ಲು ಹೌಸ್‌ಫುಲ್ ಆದ ದಿನ

ಕಳೆದ ಗುರುವಾರ ನಮ್ಮ ಹಿಟ್ಟಿನ ಮಿಲ್ಲು ಹೌಸ್‌ಫುಲ್ ಆಗಿತ್ತು. ಬೀಸಿಸಲು ಬಂದಿದ್ದವರು ಒಬ್ಬರೇ.

ತಮಾಷೆ ಮಾಡುತ್ತಿಲ್ಲ. ಮೋಟರು ತಣ್ಣಗೆ ಕೂತಿತ್ತು. ಕೌಂಟರಿನ ಹಿಂದೆ ನಮ್ಮ ಮನೆಯವರು, ಮುಂದೆ ಪುರವರದ ಗಂಗಮ್ಮ, ಅವಳ ಕಂಕುಳಲ್ಲಿ ರಾಗಿ ಚೀಲ. ಆದರೂ ರಾಗಿ ಬೀಸುವ ಹಾಗಿಲ್ಲ. ಯಾಕೆ? ಕಂಪ್ಯೂಟರು ಜಾಗ ಇಲ್ಲ ಅಂದಿತ್ತು.

ಈ ಅಂಕಣ ಓದುವ ಮಧುಗಿರಿಯವರಿಗೆ ನೆನಪಿರಬೇಕು, ನಮ್ಮ ಮಿಲ್ಲಿನಲ್ಲಿ ಮೊದಲು ಸಾಲು ನಿಲ್ಲುತ್ತಿದ್ದದ್ದು ಜನ ಅಲ್ಲ, ಚೀಲಗಳು. ಬೆಳಿಗ್ಗೆ ಬಂದು ಚೀಲ ಇಟ್ಟು ಸಂತೆಗೋ, ಆಸ್ಪತ್ರೆಗೋ ಹೋಗಿಬಿಡುತ್ತಿದ್ದರು. ಚೀಲ ಇದ್ದರೆ ಆಸಾಮಿ ಇದ್ದ ಹಾಗೆ. ಒಂದು ಸಲ ಯಾರೋ ಯಾರದೋ ಚೀಲವನ್ನು ಹಿಂದಕ್ಕೆ ಸರಿಸಿ, ಮಾತಿಗೆ ಮಾತು ಬೆಳೆದು, ಅಕ್ಕಿ ಹಿಟ್ಟೂ ರಾಗಿ ಹಿಟ್ಟೂ ಬೀದಿಯಲ್ಲಿ ಒಂದಾದವು.

ಆಮೇಲೆ ನನ್ನ ಅಕ್ಕನ ಮಗಳು ಶೈಲಾ (ಸಿರಾದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾಳೆ) ಒಂದು ಹಳೇ ಕಂಪ್ಯೂಟರು ತಂದು ಕೂರಿಸಿದಳು. ಮೊಬೈಲಿನಲ್ಲಿ ಬುಕ್ ಮಾಡಿ, ನಂಬರ್ ಬಂದಾಗ ಬನ್ನಿ. ಮನೆಯವರು ಅವತ್ತೇ ಬೋರ್ಡು ಬರೆಸಿದರು: ‘ನಂಬರ್ ಇಲ್ಲದೆ ಬೀಸುವುದಿಲ್ಲ.’

ಹೇಳಿದ ಮೇಲೆ ಅವರು ಮಾತು ತಪ್ಪುವವರಲ್ಲ. (ಕಾಫಿ ವಿಷಯ ಬಿಟ್ಟು. ‘ಕಾಫಿ ಕೊಡೇ’ ಎಂದು ಕೂಗಿ, ನಾನು ತರುವಷ್ಟರಲ್ಲಿ ಮೂಲೆ ಅಂಗಡಿಯಲ್ಲಿ ಪೇಪರ್ ಓದುತ್ತಿರುತ್ತಾರೆ. ನಾನು ಅದನ್ನು ಕಾಯಿಸಿ ಕಾಯಿಸಿ ಇಡುತ್ತೇನೆ.)

“ಏನ್ ಸರೋಜಕ್ಕ, ಮಿಲ್ಲಾಗೆ ಒಂದು ನೊಣ ಇಲ್ಲ, ಫುಲ್ಲು ಅಂತಾರಲ್ಲ ನಿಮ್ಮೋರು?” ಗಂಗಮ್ಮ ನನ್ನ ಕಡೆ ತಿರುಗಿದಳು. “ನಾಳೆ ಹೊಸ ಬೀಗರು ಬತ್ತಾರೆ ಕಣಕ್ಕ. ಮುದ್ದೆ ಇಲ್ದೆ ಬಾಡಿನೆಸ್ರು ಹೆಂಗಿಕ್ಲಿ? ನಮ್ಮೂರ ಮಿಲ್ಲು ಮೋಟ್ರು ಸುಟ್ಟೋಗೈತೆ. ಮದ್ಯಾನದ ಬಸ್ಸಿಗೆ ಹಿಟ್ಟು ತಕಂಡೇ ಓಗ್ಬೇಕು.”

“ನಾನೇನು ಮಾಡ್ಲಮ್ಮ? ಸಿಸ್ಟಮ್ಮು ಬುಕಿಂಗ್ ತಗೋತಾ ಇಲ್ಲ,” ಎಂದರು ಇವರು.

“ರಾಗಿ ಬೀಸೋದು ಸಿಸ್ಟಮ್ಮಾ ಅಣ್ಣಾ?”

ಇವರು ಬೋರ್ಡಿನ ಕಡೆ ನೋಡಿದರು. ನಾನು ಶೈಲಾಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಅವಳು ಸಿರಾದಲ್ಲೇ ಕೂತು ನಮ್ಮ ಕಂಪ್ಯೂಟರಿನೊಳಗೆ ಇಣುಕಿದಳು.

“ಚಿಕ್ಕಮ್ಮ, ಅಟ್ಯಾಕ್ ಆಗಿದೆ.”

“ಆ ಎದುರು ಮಿಲ್ಲಿನವನೇ. ಅದಕ್ಕೇ ಇವತ್ತು ಬಾಗಿಲು ಹಾಕ್ಕೊಂಡು ಹೋಗಿದಾನೆ,” ಎಂದರು ಇವರು, ಕಣ್ಣರಳಿಸಿ.

“ಅಲ್ಲ ಚಿಕ್ಕಪ್ಪ. ಎಲ್ಲೆಲ್ಲಿಂದಲೋ ಸುಳ್ಳು ರಿಕ್ವೆಸ್ಟ್ ಬರ್ತಿದೆ. ಇದು ಮಿಲ್ಲು ಅಂತಾನೂ ಅವರಿಗೆ ಗೊತ್ತಿರಲ್ಲ.” (ಇದರಿಂದ ಇವರಿಗೆ ಕೊಂಚ ಬೇಸರವಾಯಿತು.)

ಅವಳು ವಿವರಿಸಿದ್ದು ಇಷ್ಟು. ಯಾರೋ ‘ಬರಲಾ?’ ಅನ್ನುತ್ತಾರೆ. ಕಂಪ್ಯೂಟರು ‘ಬನ್ನಿ’ ಎಂದು ಜಾಗ ಹಿಡಿದಿಟ್ಟು ಕಾಯುತ್ತದೆ. ‘ಬಂದೆ’ ಎಂಬ ಉತ್ತರ ಬರಬೇಕು. ಬರುವುದಿಲ್ಲ. ಅಷ್ಟರಲ್ಲಿ ಇನ್ನೊಬ್ಬರು ‘ಬರಲಾ?’ ಅವರೂ ಬರುವುದಿಲ್ಲ. ಹೀಗೆ ಇರುವ ಜಾಗವೆಲ್ಲ ಬಾರದವರಿಗೇ ಮೀಸಲಾಗಿ, ನಿಜವಾಗಿ ಬಂದವರು ಬಾಗಿಲಾಚೆ.

ಅಯ್ಯೋ, ಇದು ನಮ್ಮ ಹಳೇ ಚೀಲದ ಸಾಲೇ ಅಲ್ಲವೇ?

“ಆಪರೇಟಿಂಗ್ ಸಿಸ್ಟಮ್ಮಲ್ಲೇ ಇದ್ದ ಲೋಪ ಇದು. ಸರಿಮಾಡಿ ಅಪ್‌ಡೇಟ್ ಕಳಿಸಿ ಯಾವ ಕಾಲ ಆಯ್ತು. ನೀವು ಹಾಕ್ಲಿಲ್ವಾ?”

“ದಿನಾ ಕೇಳುತ್ತೆ,” ಎಂದರು ಇವರು. “ನಾನೂ ದಿನಾ ‘ಆಮೇಲೆ’ ಒತ್ತುತ್ತೀನಿ.”

ಫೋನಿನಲ್ಲಿ ಒಂದು ನಿಟ್ಟುಸಿರು ಕೇಳಿಸಿತು. ಹೊಸ ಏರ್ಪಾಡಿನಲ್ಲಿ ‘ಬರಲಾ?’ ಎಂದವರಿಗೆಲ್ಲ ಜಾಗ ಹಿಡಿದಿಡುವುದಿಲ್ಲವಂತೆ. ಒಂದು ಗುರುತು ಕೊಟ್ಟು ಅವರನ್ನು ಮರೆತೇಬಿಡುವುದು. ಆ ಗುರುತು ಹಿಡಿದು ಮತ್ತೆ ಬಂದವರಿಗೆ ಮಾತ್ರ ಜಾಗ. ಎಷ್ಟು ಸುಲಭ.

ಅಪ್‌ಡೇಟು ತೆವಳಿಕೊಂಡು ಇಳಿಯಿತು. ಕಂಪ್ಯೂಟರು ಆರಿತು, ಹತ್ತಿತು, ಇನ್ನೊಮ್ಮೆ ಆರಿತು. ಕೊನೆಗೆ ಬುಕಿಂಗ್ ತೆರೆದಾಗ ನಾನೇ ನನ್ನ ಮೊಬೈಲಿನಿಂದ ಗಂಗಮ್ಮನ ಹೆಸರು ಹಾಕಿದೆ. ಇವರು ಗಂಟಲು ಸರಿಮಾಡಿಕೊಂಡರು.

“ನಂಬರ್ ಒಂದು. ಪುರವರ ಗಂಗಮ್ಮ.”

ಗಂಗಮ್ಮ ಇಲ್ಲ. ಬಾಗಿಲಲ್ಲಿ ಅವಳ ಚೀಲ ಇತ್ತು.

ಮತ್ತೊಮ್ಮೆ ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ, “ಇದೇ ನೋಡು ಅಟ್ಯಾಕು. ಕರೆದ್ರೆ ಉತ್ತರ ಇಲ್ಲ. ಇಂಥವರಿಗೆ ಜಾಗ ಹಿಡಿದಿಡಬಾರದು ಅಂತ ಶೈಲಾ ಈಗ ತಾನೆ ಹೇಳಿದ್ಲು,” ಎಂದು ಕ್ಯಾನ್ಸಲ್ ಒತ್ತಿದರು. “ನೆಕ್ಸ್ಟ್.”

ನೆಕ್ಸ್ಟ್ ಯಾರು? ಮೆಟ್ಟಿಲ ಮೇಲೆ ಒಂದು ಬೆಕ್ಕು ಮಲಗಿತ್ತು.

ಬಸ್ಸಿನ ಹೊತ್ತಾಗಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಎದ್ದೆ. ಮೋಟರ್ ಹಾಕಿ ರಾಗಿ ಸುರಿದೆ. ಇವರು ಬೋರ್ಡಿನ ಕಡೆ ಬೆರಳು ತೋರಿಸಿದರು. ಹಿಟ್ಟು ಡಬ್ಬಕ್ಕೆ ಬೀಳುವ ತನಕ ಆ ಬೋರ್ಡಿನ ಮೇಲೆಯೇ ಗಂಗಮ್ಮನ ಖಾಲಿ ಚೀಲ ನೇತುಹಾಕಿದೆ.

ಬಿಸಿ ಹಿಟ್ಟನ್ನು ಚೀಲಕ್ಕೆ ತುಂಬುತ್ತಿರುವಾಗ ಗಂಗಮ್ಮ ವೀಳ್ಯದೆಲೆ ಕಟ್ಟು ಹಿಡಿದು ಬಂದಳು. ಬೀಗರಿಗೆ ಎಲೆ ಅಡಿಕೆ ಬೇಡವೇ?

“ಒಂದು ಮಾತು ಹೇಳಿ ಹೋಗೋದಲ್ವಾ ಗಂಗಮ್ಮ?”

“ಚೀಲ ಇತ್ತಲ್ಲ ಕಣಕ್ಕ. ಚೀಲ ಬುಟ್ಟು ನಾ ಎಲ್ಲಿಗೋಗ್ತೀನಿ?”

ಬಸ್ಸು ತಪ್ಪೀತು ಓಡು ಎಂದೆ. ಅವಳು ಓಡಲಿಲ್ಲ. ಆಗಲೇ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿ ಬಂದಿದ್ದಳಂತೆ.

ಸಂಜೆ ಬೋರ್ಡಿಗೆ ಅಂಟಿದ್ದ ರಾಗಿ ಧೂಳು ಒರೆಸುತ್ತಾ ಇವರು ಗೊಣಗಿದರು. “ನಿನಗೂ ಒಂದು ಅಪ್‌ಡೇಟ್ ಹಾಕಿಸ್ಬೇಕು. ಕರೆದಾಗ ಬಾರದವರಿಗೆಲ್ಲ ಜಾಗ ಹಿಡಿದಿಟ್ಕೊಂಡು ಕೂತಿರ್ತೀಯ.”

“ಹಾಕಿಸಿ,” ಎಂದೆ.

ಮರುದಿನ ಬೆಳಿಗ್ಗೆ ‘ಕಾಫಿ ಕೊಡೇ’ ಎಂದು ಕೂಗಿ ಎಂದಿನಂತೆ ಮೂಲೆ ಅಂಗಡಿಗೆ ಹೋದರು. ವಾಪಸ್ ಬಂದಾಗ ಅವರ ಕೈಗೆ ಒಂದು ಚೀಟಿ ಕೊಟ್ಟೆ.

“ನಂಬರ್ ಎರಡಾ? ಒಂದು ಯಾರದು?”

“ಕಾಫಿ ಆದಾಗ ಇಲ್ಲಿ ಇದ್ದವರದು,” ಎಂದು ಲೋಟ ತುಟಿಗಿಟ್ಟೆ.