ಗುರುಬಸವ್ವನ ಬಕೆಟ್ಟು

ನಮ್ಮ ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿ ಬಾಗಿಲಲ್ಲಿ ಸದಾ ಒಂದು ನೀಲಿ ಬಕೆಟ್ಟು ತುಂಬಿರುತ್ತಿತ್ತು. ಅದರ ಹಿಡಿಕೆಗೆ ದಾರದಲ್ಲಿ ಕಟ್ಟಿದ ಕೆಂಪು ಸಾಬೂನು. ಕಟ್ಟದಿದ್ದರೆ ಯಾರಾದರೂ ಮನೆಗೊಯ್ಯುತ್ತಿದ್ದರು. ಸುತ್ತಲಿನ ನೆಲ ಯಾವಾಗಲೂ ಒದ್ದೆ. ಆ ಒದ್ದೆಯ ನಡುವೆ ಸೀರೆ ಎತ್ತಿ ಕಟ್ಟಿ, ಸೊಂಟದ ಮೇಲೆ ಕೈಯಿಟ್ಟು ನಿಂತ ಗುರುಬಸವ್ವ. ಗುತ್ತಿಗೆಯ ಆಯಾ. ಹೆಬ್ಬೆಟ್ಟು ಒತ್ತಿ ಪಗಾರ ಪಡೆಯುತ್ತಿದ್ದಾಕೆ. ಡಾಕ್ಟರನಾದ ನನಗೆ ವೈದ್ಯಕೀಯ ಕಲಿಸಿದ್ದು ಆಕೆಯೇ. ಇದನ್ನು ವಿನಯಕ್ಕೆ ಹೇಳುತ್ತಿಲ್ಲ, ಸಿಟ್ಟಿಗೆ ಹೇಳುತ್ತಿದ್ದೇನೆ.

ಮಸ್ಕಿ, ಸಿಂಧನೂರು ಕಡೆ ಕಾಲುವೆಗೆ ನೀರು ಬಿಟ್ಟು ಭತ್ತ ಹಚ್ಚಿದರೆಂದರೆ 'ಎಣ್ಣಿ ಹೊಡೆಯೋ' ಕೆಲಸ ಶುರು. ಎಣ್ಣಿ ಅಂದರೆ ಹುಳ ಸಾಯಿಸುವ ವಿಷ. ಬೆನ್ನಿಗೆ ಕಟ್ಟಿಕೊಂಡ ಪಂಪು ಸೋರಿ ಅಂಗಿಯೆಲ್ಲ ನೆನೆದರೂ ಕೂಲಿಯವರು ಗದ್ದೆ ಮುಗಿಯುವವರೆಗೆ ಬಿಡುವುದಿಲ್ಲ.

ನಾನು ಹೊಸದಾಗಿ ಬಂದ ವರ್ಷ. ಬಳಗಾನೂರಿನಿಂದ ಒಬ್ಬನನ್ನು ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿ ತಂದರು. ಬಾಯಲ್ಲಿ ನೊರೆ. ಇಂಜೆಕ್ಷನ್ ಕೊಟ್ಟೆ, ಸುಧಾರಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ನೊರೆ. ಮತ್ತೆ ಕೊಟ್ಟೆ. ಆಯಾ ಹಿಂದೆ ನಿಂತು ಏನೋ ಗೊಣಗುತ್ತಿದ್ದಳು, ಸುಮ್ಮನಿರು ಅಂತ ಗದರಿದೆ. ಮೂರನೇ ಸಲಕ್ಕೆ ಆಕೆ ನನ್ನನ್ನು ಮೊಣಕೈಯಿಂದ ಸರಿಸಿ ಕತ್ತರಿ ಹಾಕಿ ಅವನ ಅಂಗಿ ಸೀಳಿಯೇಬಿಟ್ಟಳು.

"ಸಾಹೇಬ್ರ, ನೀವು ಸೂಜೀಲೆ ಔಷಧ ಬಿಡಾಕತ್ತೀರಿ, ಈ ಅಂಗಿ ಮೈಗೆಲ್ಲ ವಿಷ ಬಿಡಾಕತ್ತೈತಿ. ಯಾರು ಗೆಲ್ಲತಾರ್ರಿ? ಮೊದಲ ಅರಿವಿ, ಆಮ್ಯಾಲ ಸೂಜಿ!"

ಬಟ್ಟೆಯೆಲ್ಲ ಕಳಚಿ, ಸಾಬೂನು ಹಚ್ಚಿ ತಲೆಯಿಂದ ಕಾಲಿನವರೆಗೆ ತೊಳೆದಳು. ಅವನು ಬದುಕಿದ. ಪುಸ್ತಕದಲ್ಲಿ ಇದನ್ನು ನಾನೂ ಓದಿದ್ದೆ. ಓದಿದ್ದಷ್ಟೇ.

ಇನ್ನೊಮ್ಮೆ ಪಾಮನಕಲ್ಲೂರಿನ ಹೆಣ್ಣುಮಗಳು. ಎಣ್ಣಿ ಕಲಸಿದ ಕೊಡ ಹೊತ್ತು ತಲೆ ಮೈಗೆಲ್ಲ ತುಳುಕಿಸಿಕೊಂಡಿದ್ದಳು. ಗಂಡ ಬಾಗಿಲಿಗೆ ಅಡ್ಡ ನಿಂತ: "ಮಂದಿ ಮುಂದ ನನ್ನ ಹೇಣ್ತಿ ಸೀರಿ ಬಿಚ್ಚತೀಯೇನಬೇ?"

"ಮಂದಿನ್ನ ಹೊರಗ ಹಾಕ್ತೀನಿ, ಅದರಾಗ ನೀನೂ ಒಬ್ಬಾವ, ನಡಿ!" ಅಂದವಳೇ ನನ್ನತ್ತ ತಿರುಗಿದಳು. "ಸಾಹೇಬ್ರ, ನೀವೂ ಗಂಡಸರ. ಗ್ವಾಡಿ ಕಡೆ ಮುಖ ಮಾಡ್ರಿ."

ಮಾಡಿದೆ. ಬೆಡ್‌ಶೀಟು ಮರೆ ಹಿಡಿಸಿ, ಹೆರಳು ಬಿಚ್ಚಿ, ಅಂಗಡಿಯಿಂದ ಶಾಂಪೂ ಪಾಕೀಟು ತರಿಸಿ ಮೂರು ಸಲ ತಲೆ ತೊಳೆದಳು. "ಯವ್ವಾ, ಮದುವಿ ದಿನಾನೂ ನಿನಗ ಇಂಥಾ ಎರೆಯೋದು ಆಗಿರಂಗಿಲ್ಲ ಬಿಡು" ಅಂತ ನಗಿಸುತ್ತಲೇ ಇದ್ದಳು. ನಾನು ಗೋಡೆ ನೋಡುತ್ತಲೇ ಇಂಜೆಕ್ಷನ್ ತುಂಬಿದೆ.

ಹನ್ನೆರಡು ವರ್ಷ ಹೀಗೆ ನಡೆಯಿತು. ಆಮೇಲೆ ಹೊಸ ಟೈಲ್ಸ್ ಬಂದವು. ಟೈಲ್ಸ್ ಹಿಂದೆ ತಪಾಸಣೆ ಬಂತು. ತಪಾಸಣೆಯ ಸಾಹೇಬನ ಬೂಟು ಒದ್ದೆಯಾಯಿತು. ಜಾರಿ ಬೀಳಲೂ ಇಲ್ಲ ಮಹಾನುಭಾವ, ಬರೀ ಬೂಟು ಒದ್ದೆಯಾಯಿತು. "ಇದೇನು ಆಸ್ಪತ್ರೆಯೋ, ಬಚ್ಚಲೋ?" ಅಂದ.

"ಎರಡೂ ಹೌದ್ರಿ" ಅಂದಳು ಗುರುಬಸವ್ವ.

ಮುಂದಿನ ತಿಂಗಳು ಗುತ್ತಿಗೆದಾರನ ಪಟ್ಟಿಯಲ್ಲಿ ಆಕೆಯ ಹೆಸರಿರಲಿಲ್ಲ. ಬಕೆಟ್ಟು ಸ್ಟೋರ್ ರೂಮು ಸೇರಿತು. ಸಾಹೇಬ ಹಾಗಂದಾಗ ನಾನು ಅಲ್ಲೇ ನಿಂತಿದ್ದೆ. ಬಾಯಿ ಇತ್ತು, ತೆರೆಯಲಿಲ್ಲ.

ಆ ಹಂಗಾಮಿನಲ್ಲೇ ಒಬ್ಬನನ್ನು ತಂದರು. ಮದುವೆಗೆ ಬಂದ ಮಗಳಿದ್ದ ಮನುಷ್ಯ. ಬಾಗಿಲಲ್ಲಿ ಬಕೆಟ್ಟಿಲ್ಲ, ಕೂಗುವವರಿಲ್ಲ, ನನ್ನ ಕೈ ನೆಟ್ಟಗೆ ಸೂಜಿಗೇ ಹೋಯಿತು. ಚೇತರಿಸಿದಂತೆ ಕಂಡ. ದೊಡ್ಡಾಸ್ಪತ್ರೆಗೆ ಚೀಟಿ ಬರೆದು ಅದೇ ನೆನೆದ ಅಂಗಿಯಲ್ಲಿ ಆಂಬುಲೆನ್ಸ್ ಹತ್ತಿಸಿದೆ. ಸಿಂಧನೂರು ಮುಟ್ಟುವುದರೊಳಗೆ ಸತ್ತ. ಸಾವಿನ ಕಾರಣ ಬರೆಯುವ ಕಾಗದದಲ್ಲಿ 'ಅಂಗಿ' ಅಂತ ಬರೆಯಲು ಜಾಗವಿಲ್ಲ. 'ಡಾಕ್ಟರ್' ಅಂತ ಬರೆಯಲೂ ಇಲ್ಲ.

ಕೆಲವು ತಿಂಗಳಾದ ಮೇಲೆ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಗುರುಬಸವ್ವ ಸಿಕ್ಕಳು. ತಂಗಿಯ ಊರಿಗೆ, ಪಾಮನಕಲ್ಲೂರಿಗೆ, ಗಂಟು ಕಟ್ಟಿಕೊಂಡು ಹೊರಟಿದ್ದಳು. ನೌಕರಿ ಹೋದದ್ದರ ಮಾತೇ ತೆಗೆಯಲಿಲ್ಲ.

"ಬಾಗಲದಾಗ ಬಕೆಟ್ ಐತಿಲ್ರೀ, ಸಾಹೇಬ್ರ?"

"ಐತಿ, ಗುರುಬಸವ್ವ."

ಆಕೆ ನನ್ನ ಮುಖ ನೋಡಲಿಲ್ಲ. ಕಾಲು ನೋಡಿದಳು.

"ಇಲ್ಲ ಬಿಡ್ರಿ. ಇದ್ದಿದ್ರ ನಿಮ್ಮ ಬೂಟು ಇಷ್ಟು ಹೊಳೀತಿರಲಿಲ್ಲ." ಆಮೇಲೆ ಕೇಳಿದಳು: "ಯಾರದರ ಜೀವಾ ಹೋತೇನ್ರಿ?"

ಬಸ್ಸು ಬಂತು. ಗಂಟು ಎತ್ತಿಕೊಡಲು ಹೋದೆ, ಕೊಡಲಿಲ್ಲ. ಆಮೇಲೆ ಆಕೆಯನ್ನು ನಾನು ಕಂಡಿಲ್ಲ.

ಮರುದಿನ ಸ್ಟೋರ್ ರೂಮಿನಿಂದ ಬಕೆಟ್ಟು ನಾನೇ ಹೊತ್ತು ತಂದೆ. ತುಂಬಿಸಿದೆ, ಸಾಬೂನು ಕಟ್ಟಿದೆ. ಈಗ ಬಾಗಿಲಲ್ಲಿದೆ. ನೆಲ ಒದ್ದೆಯಾಗಿದೆ. ಯಾವ ಸಾಹೇಬನ ಬೂಟು ನೆನೆಯುತ್ತದೋ, ನೆನೆಯಲಿ.