ಬೊಮ್ಮಯ್ಯನ ತೋಳಿಗೆ ದೇವಿ ಹಾಕಿಸಿದ್ದು

ಸಿಲೋನಿನ ಟೀ ತೋಟದಲ್ಲಿ ಗಾಡಿ ಹೊಡೆಯಲು ಹೋಗಿದ್ದ ನಮ್ಮ ಯಜಮಾನರು ಕಾಲು ಮುರಿದುಕೊಂಡು ಮಲಗಿದ್ದಾರೆ ಎಂಬ ಸುದ್ದಿ ಸಂಕ್ರಾಂತಿಯ ತೈ ತಿಂಗಳಲ್ಲಿ ಬಂತು. ಮಲೆಯಾಚೆಯ ನೀರಿಗೆ ಅಣೆ ಕಟ್ಟಿ ತಮಿಳು ಸೀಮೆಯ ನಮ್ಮ ಕಂಬಂ ಕಣಿವೆಗೆ ತಿರುಗಿಸಿದ ಮರುವರ್ಷ ಅದು. ಊರೆಲ್ಲ ಹೊಸ ನೀರಿನ ಸಂಭ್ರಮದಲ್ಲಿತ್ತು, ನನ್ನ ಮನೆಯಲ್ಲಿ ಒಲೆ ಹಚ್ಚುವ ಮನಸ್ಸಿರಲಿಲ್ಲ. ಸುದ್ದಿ ತಂದವರು ಓಡೈಪಟ್ಟಿಯ ಕಂಗಾಣಿ, ತೋಟಗಳಿಗೆ ಆಳು ಕೂಡಿಸಿ ಕರೆದೊಯ್ಯುವವರು.

"ಕಾಲು ಕೂಡ್ಲಿಲ್ಲ ತಾಯಿ, ಕೀವು ಕಟ್ಟೈತೆ. ಬಾಯಿಗೆ ಕಂಜಿ ಹಾಕೋರಿಲ್ಲ. ನೀ ಬಂದ್ರೆ ಉಳುದಾರು," ಎಂದರು. ಆಮೇಲೆ ನನ್ನ ಸೊಂಟದ ಮೇಲಿದ್ದ ಮಗ ಬೊಮ್ಮಯ್ಯನನ್ನು ನೋಡಿ, "ತೂತುಕುಡೀಲಿ ಕಡಲು ದಾಟೋ ಕಪ್ಪಲು ಹತ್ತೋ ಮುಂಚೆ ಡಾಕ್ಟ್ರು ತೋಳು ನೋಡ್ತಾರೆ. ದೇವಿ ಹಾಕ್ಸಿದ ಕಲೆ ಇಲ್ದಿದ್ರೆ ಹತ್ಸಾಕಿಲ್ಲ. ನಿಂಗೆ ಬ್ಯಾಡ, ನಿನ್ ಮೊಗದ ಸಿಡುಬಿನ ಕುಳಿನೇ ಸಾಕ್ಷಿ. ಕೂಸಿಗೆ ಹಾಕ್ಸು," ಎಂದರು.

ಸಿಡುಬು ಬಾರದಂತೆ ಸೂಜಿಯಿಂದ ತೋಳು ಗೀರುವುದಕ್ಕೆ ದೇವಿ ಹಾಕುವುದು ಎನ್ನುತ್ತಾರೆ. ಬೊಮ್ಮಯ್ಯ ಇನ್ನೂ ಹಾಲು ಬಿಡದ ಕೂಸು, ಬಿಟ್ಟು ಹೋಗುವಂತಿರಲಿಲ್ಲ. ಸೂಜಿ ಹಾಕಿಸುವಂತೆಯೂ ಇರಲಿಲ್ಲ. ಏಕೆಂದರೆ ನನ್ನ ಹಿರಿಮಗಳು ವೀರಕ್ಕನಿಗೆ ನಾನೇ ಮಡಿಲಲ್ಲಿ ಕೂರಿಸಿಕೊಂಡು ಹಾಕಿಸಿದ್ದೆ. ಆಗ ಒಂದು ಮಗುವಿನ ತೋಳಿನ ಗುಳ್ಳೆಯಿಂದ ನೀರು ತೆಗೆದು ಇನ್ನೊಂದು ಮಗುವಿಗೆ ಹಚ್ಚುತ್ತಿದ್ದರು. ಆ ಮಗುವಿನ ಮೈಯಲ್ಲಿ ಏನಿತ್ತೋ ಯಾರು ಕಂಡರು! ವೀರಕ್ಕನ ತೋಳು ಹಣ್ಣಾಗಿ ಊದಿತು, ಜ್ವರ ತಲೆಗೇರಿತು. "ನವೆ ಆಗ್ತೈತವ್ವಾ" ಎನ್ನುತ್ತಲೇ ಹೋದಳು.

ಹೋದವಳು ಪೂರ್ತಿ ಹೋಗಲಿಲ್ಲ. ಮಧ್ಯಾಹ್ನ ಎಲ್ಲರೂ ಹೊಲದಲ್ಲಿದ್ದಾಗ, ಒಣಗಿದ ಚರ್ಮವನ್ನು ಉಗುರಿನಿಂದ ಕೆರೆದುಕೊಳ್ಳುವ ಸದ್ದು ಮನೆಯೊಳಗೆ ಕೇಳಿಸುತ್ತಿತ್ತು. ಬೊಮ್ಮಯ್ಯನನ್ನು ಎಡಗಡೆ ಎತ್ತಿಕೊಂಡರೆ ಬಲಗಡೆಯ ಸೊಂಟವೂ ಭಾರವಾಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮಂತ್ರ ಹಾಕಿಸಿ ಅವಳನ್ನು ಓಡಿಸಿಬಿಡುತ್ತಾರೆಂಬ ಭಯ ನನಗೆ.

ಮರುತಿಂಗಳು, ಮಾಸಿಯಲ್ಲಿ, ದೇವಿ ಹಾಕುವವನು ನಮ್ಮ ಕಾಮಯಗೌಂಡನ್‌ಪಟ್ಟಿಗೆ ಬಂದ. ಜೊತೆಗೆ ಹೊಟ್ಟೆಯ ಕೂದಲು ಬೋಳಿಸಿದ ಒಂದು ಕರು. ಈಗ ಮಗುವಿನಿಂದ ಮಗುವಿಗೆ ಹಾಕುವುದಿಲ್ಲ, ಕರುವಿನ ಮೈಯಲ್ಲಿ ಎಬ್ಬಿಸಿದ ಗುಳ್ಳೆಯಿಂದ ತೆಗೆಯುತ್ತೇವೆ ಎಂದು ತಮಿಳಿನಲ್ಲಿ ಸಾರಿದ. ಊರು ಹೊತ್ತಿಕೊಂಡಿತು. ನಮ್ಮ ಕುಲದವರಿಗೆ ದನವೇ ದೇವರು. ಕುಲದೇವರಾದ ತಂಬಿರಾನ್ ಸ್ವಾಮಿಗೆ ಬಿಟ್ಟ ಮಂದೆಯ ಹಾಲನ್ನು ನಾವು ಮಾರುವುದಿಲ್ಲ.

"ಸಾಮಿ ದನ ಮೇಯೋ ಊರಲ್ಲಿ ಕರ ಹೊಟ್ಟೆ ಕೆರೀತೀಯೇನೋ ಪಾವಿ!" ಎಂದು ನಮ್ಮತ್ತೆ ಸೆಗಣಿ ಬುಟ್ಟಿಯನ್ನೇ ಎತ್ತಿಕೊಂಡು ನಿಂತರು.

ನಾನು ಅವನ ಹತ್ತಿರ ಹೋಗಿ, ಜ್ವರ ಬರುತ್ತದೆಯೇ ಎಂದು ಕೇಳಿದೆ. "ಬರುತ್ತದಮ್ಮ, ಇಳಿಯುತ್ತದೆ. ಎಲ್ಲರಿಗೂ ಇಳಿದೇ ಇಳಿಯುತ್ತದೆ ಎಂದು ಆಣೆ ಇಡಲಾರೆ," ಎಂದ. ಆಣೆ ಇಟ್ಟಿದ್ದರೆ ಸುಳ್ಳನೆಂದು ಅವನ ಮುಖಕ್ಕೆ ಉಗಿದು ಬರುತ್ತಿದ್ದೆ.

ಮಂದೆಯ ಪಟ್ಟದ ಹೋರಿ ಸತ್ತಾಗ ನಾವು ಕರುಗಳ ಮುಂದೆ ಕಬ್ಬು ಹಿಡಿಯುತ್ತೇವೆ. ಯಾವುದು ಮೊದಲು ಬಾಯಿ ಹಾಕುತ್ತದೋ ಅದನ್ನು ಸ್ವಾಮಿ ಆರಿಸಿದ ಎಂದು ಪಟ್ಟ ಕಟ್ಟುತ್ತೇವೆ. ದಿಕ್ಕು ತೋಚದ ಹೆಂಗಸರೂ ಹಾಗೇ ಕಬ್ಬು ಹಿಡಿದು ಕೇಳುವುದುಂಟು. ದನ ತಿಂದರೆ ಒಪ್ಪಿಗೆ. ನಾನೂ ಬೊಮ್ಮಯ್ಯನ ಕೈಗೆ ಕಬ್ಬು ಕೊಟ್ಟು ಹಟ್ಟಿಯ ಬಾಗಿಲಲ್ಲಿ ನಿಂತೆ. "ಒಂದನ್ನ ತಕ್ಕೊಂಡೆ. ಇದನ್ನೂ ತಕ್ಕೊಳ್ಳೋದಾದ್ರೆ ಈಗ್ಲೇ ಹೇಳು. ಅವರು ಅಲ್ಲೇ ಸಾಯ್ಲಿ, ನಾ ಹೋಗಾಕಿಲ್ಲ," ಎಂದು ಸ್ವಾಮಿಯ ಮುಂದೆ ಬಾಯಿ ಬಿಟ್ಟೇ ಅಂದೆ. ಗಂಡನ ಸಾವನ್ನು ನನ್ನ ಬಾಯಿಂದಲೇ ಆಡಿಸಿದ ಹೊತ್ತು ಅದು.

ಒಂದು ದನವೂ ತಲೆ ಎತ್ತಲಿಲ್ಲ. ಬಿಸಿಲಲ್ಲಿ ಕಾದು ಕಾದು, ಇನ್ನು ಮುಗಿಯಿತೆಂದು ತಿರುಗುವಷ್ಟರಲ್ಲಿ ಹಿಂದಿನಿಂದ ಏನೋ ನನ್ನ ತೊಡೆಗೆ ತಾಗಿತು. ದೇವಿ ಹಾಕುವವನ ಕರು, ಹಗ್ಗ ಕಿತ್ತುಕೊಂಡು ಬಂದದ್ದು. ಬೊಮ್ಮಯ್ಯನ ಕೈಯಿಂದ ಕಬ್ಬು ಎಳೆದು ಅಗಿಯತೊಡಗಿತು. ಪಟ್ಟದ ಹೋರಿ ಎದ್ದು ಬಂತು. ಹೊರಗಿನ ದನ ಹಟ್ಟಿಗೆ ಬಂದರೆ ಅದು ತಿವಿಯದೆ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಅದು ಕರುವಿನ ಬೋಳು ಹೊಟ್ಟೆಯನ್ನು ಮೂಸಿ ನೋಡಿ, ನಾಲಿಗೆ ಚಾಚಿ ನೆಕ್ಕಿತು.

ಹಟ್ಟಿ ಕಾಯುವ ತಾತ ಅಲ್ಲೇ ಮಣ್ಣಿಗೆ ಬಿದ್ದು ಕೈಮುಗಿದರು. ಅತ್ತೆ ಬುಟ್ಟಿ ಕೆಳಗಿಟ್ಟು, "ಕರ ನಮ್ದಾಯ್ತು. ಇನ್ನೇನು ನೋಡ್ತೀಯ, ಹಾಕ್ಸವ್ವ," ಎಂದರು. ಆ ದಿನ ಊರಿನ ಮಕ್ಕಳೆಲ್ಲ ತೋಳು ಒಡ್ಡಿದರು.

ಆದರೂ ಜ್ವರ ಬಂತು, ವೀರಕ್ಕನಿಗೆ ಬಂದ ಹಾಗೆಯೇ. ಬೊಮ್ಮಯ್ಯ ಹಾಲು ಬಿಟ್ಟ. ಅವನು ತೋಳು ಕೆರೆದುಕೊಂಡಾಗಲೆಲ್ಲ ಮೂಲೆಯಿಂದ ಇನ್ನೊಂದು ಸದ್ದು ಜೊತೆಗೂಡುತ್ತಿತ್ತು. ಸ್ವಾಮಿ ನನಗೆ ಮೋಸ ಮಾಡಿದ, ಕರುವಿಗೆ ಕಬ್ಬು ತಿನ್ನಿಸಿ ಒಪ್ಪಿಗೆ ಕೊಟ್ಟು ಈಗ ಮಗುವನ್ನೇ ಕೇಳುತ್ತಿದ್ದಾನೆ ಎಂದು ಗೋಡೆಗೆ ತಲೆ ಚಚ್ಚಿಕೊಂಡೆ. ಕೊನೆಗೆ ಮೂಲೆಯ ಕಡೆ ತಿರುಗಿ, "ವೀರಾ, ತಮ್ಮನ್ನ ಕರೀಬ್ಯಾಡ ಕಣವ್ವಾ. ಅಪ್ಪನ್ನ ನೋಡಾಕೆ ಹೋಗ್ಬೇಕು. ನೀನೂ ಬಾ," ಎಂದು ಬೇಡಿಕೊಂಡೆ. ಸದ್ದು ನಿಂತಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಬೊಮ್ಮಯ್ಯ ಬೆವರಿ, ಬಾಯಿ ತೆರೆದು ಎದೆ ಹುಡುಕಿದ.

ಹಕ್ಕಳೆ ಉದುರಿ ಕಲೆ ನಿಂತ ಮೇಲೆ ಕಂಗಾಣಿಯ ಜೊತೆ ಹೊರಟೆವು. ತೇನಿಯ ಮೇಲೆ ಹಾದು ದಿಂಡುಕ್ಕಲ್ಲಿನವರೆಗೆ ಎತ್ತಿನ ಗಾಡಿ, ಅಲ್ಲಿಂದ ರೈಲು. ತೂತುಕುಡಿಯ ಕಡಲ ದಂಡೆಯಲ್ಲಿ ಸಾಲು ನಿಲ್ಲಿಸಿದರು. ಕಲೆಯಿಲ್ಲದ ಒಬ್ಬ ಬಸುರಿಯನ್ನು ಪಕ್ಕಕ್ಕೆ ಕಳಿಸಿದ್ದನ್ನು ಕಂಡು ಬೊಮ್ಮಯ್ಯನ ಕಲೆಯನ್ನು ಸೆರಗಿನಿಂದ ಒರೆಸಿ ಕಾಣುವಂತೆ ಹಿಡಿದೆ. ಡಾಕ್ಟರು ಬೊಮ್ಮಯ್ಯನ ತೋಳನ್ನು ಬೆಳಕಿಗೆ ತಿರುಗಿಸಿ, ಕಲೆಯನ್ನು ಒತ್ತಿ ನೋಡಿ, ಸರಿ ಎಂದರು. ಪಕ್ಕದಲ್ಲಿದ್ದ ಜವಾನ ಮಕ್ಕಳೆಷ್ಟು ಎಂದು ಕೇಳಿದ.

"ಎರಡು," ಎಂದುಬಿಟ್ಟೆ.

"ಇನ್ನೊಂದು ಎಲ್ಲಿ?"

ನನ್ನ ಬಲಗಡೆ ನೋಡಿಕೊಂಡೆ. ಸೊಂಟ ಭಾರವಾಗಿತ್ತು. "ಅವಳಿಗೂ ಹಾಕ್ಸಿವ್ನಿ ಐಯಾ, ಅವಳ ತೋಳಲ್ಲೂ ಐತೆ," ಎಂದೆ. ಅಳು ಬಂತು.

ಆ ಮನುಷ್ಯ ನನ್ನ ಖಾಲಿ ಕೈಯನ್ನು ನೋಡಿದ, ನನ್ನ ಮುಖವನ್ನು ನೋಡಿದ. ನಗಲಿಲ್ಲ, ಗದರಲಿಲ್ಲ. "ಇಬ್ಬರನ್ನೂ ಕರೆದುಕೊಂಡು ಹತ್ತಮ್ಮ," ಎಂದ.

ನಾನು ಹೋಗಿ ಗಾಯ ತೊಳೆದು, ಕಂಜಿ ಕುಡಿಸಿ, ನಮ್ಮ ಯಜಮಾನರನ್ನು ಎಬ್ಬಿಸಿ ಕೂರಿಸಿದೆ. ಈಗ ಕೋಲೂರಿ ನಡೆಯುತ್ತಾರೆ. ಸ್ವಾಮಿಯನ್ನು ನಂಬಿದವರೇ, ಗಂಡನನ್ನು ಉಳಿಸಿದ, ಮಗನನ್ನು ಉಳಿಸಿದ ತಂಬಿರಾನ್ ಸ್ವಾಮಿಗೆ ನಾನು ಸಾಯುವವರೆಗೂ ಋಣಿ. ಅದಕ್ಕಿಂತ ಹೆಚ್ಚಾಗಿ, ಪರವೂರಿನ ಒಬ್ಬ ಜವಾನನ ಬಾಯಲ್ಲಿ ನಿಂತು ನನ್ನ ವೀರಕ್ಕನನ್ನೂ ಹಡಗು ಹತ್ತಿಸಿದನಲ್ಲ, ಅದಕ್ಕೆ ಅವನಿಗೆ ಶರಣು.