ಟ್ಯಾಂಕಿನಲ್ಲಿ ಉಳಿದ ಸೀರೆ ತುಂಡು

ಐಮಂಗಲದ ಹೆದ್ದಾರಿ ಪಕ್ಕ, ತಗಡಿನ ಚಪ್ಪರದಡಿ ರಾಮಾಂಜನೇಯ ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದುದು ಒಂದೇ ಕೆಲಸ: ಗಾಡಿಗಳ ಡೀಸೆಲ್ ಟ್ಯಾಂಕು ತೊಳೆಯುವುದು. ಅದೇನು ಮಹಾ ಕೆಲಸ ಎಂದು ಮೂಗು ಮುರಿಯುವವರು ಒಮ್ಮೆ ಬಂದು ನೋಡಬೇಕಿತ್ತು. ಟ್ಯಾಂಕು ಬಿಚ್ಚಿ, ಹಳೇ ಡೀಸೆಲ್ ಬಸಿದು, ಒಳಗೊಂದು ಕಬ್ಬಿಣದ ಸರಪಳಿ ಇಳಿಬಿಟ್ಟು, ತೋಳು ಬಿದ್ದುಹೋಗುವವರೆಗೂ ಅಲ್ಲಾಡಿಸುತ್ತಿದ್ದ. ತುಕ್ಕೆಲ್ಲ ಉದುರಿದ ಮೇಲೆ ಹೆಂಡತಿ ಶಾಂತಿಯ ಹಳೇ ಸೀರೆಯ ತುಂಡುಗಳನ್ನು ತಂತಿಗೆ ಸಿಕ್ಕಿಸಿ ಮೂಲೆಮೂಲೆಯನ್ನೂ ಒರೆಸುತ್ತಿದ್ದ. ಒಳಗೆ ಹೋದ ತುಂಡೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಎಣಿಸದೆ ಟ್ಯಾಂಕು ಮುಚ್ಚುವವನಲ್ಲ. ಜಂಬವೂ ಇತ್ತು. "ನಾ ತೊಳ್ದ ಟ್ಯಾಂಕಲ್ಲಿ ನೀರ್ ತುಂಬ್ಕಂಡು ಕುಡೀಬೋದು" ಎನ್ನುತ್ತಿದ್ದ. ಯಾರೂ ಕುಡಿಯಲಿಲ್ಲ ಬಿಡಿ.

ಆವತ್ತು ಬೆಳಿಗ್ಗೆ ಪಾಪಣ್ಣ ತನ್ನ ಲಗೇಜ್ ಗಾಡಿ ತಂದು ನಿಲ್ಲಿಸಿದ. ಪಕ್ಕದ ಹಳ್ಳಿಯವನು, ಜೀವದ ಗೆಳೆಯ. ಅವನ ಮಗಳು ಕೀರ್ತನಾಳಿಗೆ ಮಾತು ಬಂದಾಗಿನಿಂದ ರಾಮಾಂಜನೇಯ ಮಾವನೇ. ಪಾಪಣ್ಣನ ಹೆಂಡತಿ ಓಬವ್ವ ಹೋಗಿ ಎಂಟು ದಿನವಾಗಿತ್ತು. ಎದೆನೋವು ಎಂದವಳನ್ನು ಇದೇ ಗಾಡಿಯಲ್ಲಿ ಮಲಗಿಸಿಕೊಂಡು ಅಪ್ಪ, ಮಗಳು ಚಿತ್ರದುರ್ಗದ ಆಸ್ಪತ್ರೆಗೆ ಹೊರಟಿದ್ದರು. ಹಾಳಾದ ಗಾಡಿ ದಾರಿಯಲ್ಲಿ ಮೂರು ಸಲ ನಿಂತಿತು. ನಿಲ್ಲುವುದು, ಸ್ವಲ್ಪ ಹೊತ್ತು ಬಿಟ್ಟರೆ ಸ್ಟಾರ್ಟ್ ಆಗುವುದು, ಮತ್ತೆ ನಿಲ್ಲುವುದು. ಮೂರನೆಯ ಸಲ ನಿಂತಾಗ ಓಬವ್ವ ಮಗಳ ತೊಡೆಯ ಮೇಲೆ ಪ್ರಾಣ ಬಿಟ್ಟಳು.

"ಹಿಂದಿನ್ ದಿನ ಯಾರೋ ಕ್ಯಾನಲ್ಲಿ ತಂದ ಡೀಸೆಲ್ ಹಾಕಿದ್ದೆ ಕಣೋ, ಕಡಿಮೆಗೆ ಸಿಕ್ತು ಅಂತ" ಎಂದ ಪಾಪಣ್ಣ. "ಅದ್ರಾಗಿನ ಕಸಾನೇ ಅಡ್ಡ ಬಂದಿರ್ಬೇಕು. ನನ್ ದರಿದ್ರ ಬುದ್ಧಿಗೆ ಅವ್ಳು ಹೋದ್ಲು. ನೀನೇ ಅವ್ವನ್ನ ಕೊಂದೆ ಅಂತಾಳೆ ಕೀರ್ತನಾ. ತಟ್ಟೆ ಇಟ್ಟು ಎದ್ದೋಗ್ತಾಳೆ, ಮಖ ಕೊಟ್ಟು ಮಾತಾಡಲ್ಲ."

"ಸುಮ್ನಿರಪ್ಪ, ಮಗು ಸಂಕಟಕ್ಕೆ ಅಂದಿರ್ತದೆ" ಎನ್ನುತ್ತ ರಾಮಾಂಜನೇಯ ಟ್ಯಾಂಕು ಬಿಚ್ಚಿದ.

ಒಳಗೆ ಹೇಳಿಕೊಳ್ಳುವಂಥ ಕಸವೇ ಇರಲಿಲ್ಲ. ಡೀಸೆಲ್ ಎಳೆಯುವ ಪೈಪಿನ ಹತ್ತಿರ ತಂತಿಗೆ ಏನೋ ಮೆತ್ತಗೆ ಸಿಕ್ಕಿತು. ಎಳೆದ. ಗೇಣುದ್ದದ ಹಸಿರು ಬಟ್ಟೆ, ಹಳದಿ ಅಂಚು. ಶಾಂತಿಯ ಸೀರೆ. ಅಯ್ಯೋ ದೇವರೇ! ಎರಡು ತಿಂಗಳ ಹಿಂದೆ ಇದೇ ಟ್ಯಾಂಕು ತೊಳೆಯುವಾಗ ಫೋನು ಬಂದಿತ್ತು. ಕಿವಿಗೆ ಫೋನು ಒತ್ತಿಕೊಂಡು ಹರಟುತ್ತಲೇ ಟ್ಯಾಂಕು ಮುಚ್ಚಿದ್ದ. ಎಣಿಸಿರಲಿಲ್ಲ. ಇಷ್ಟು ದಿನ ಯಾವುದೋ ಮೂಲೆಯಲ್ಲಿ ಸಿಕ್ಕಿಕೊಂಡಿದ್ದದ್ದು ಆವತ್ತೇ ಬಿಡಿಸಿಕೊಂಡು ಬಂದಿರಬೇಕು. ಇಂಜಿನ್ ಡೀಸೆಲ್ ಎಳೆದಾಗ ಬಟ್ಟೆ ಪೈಪಿಗೆ ಅಂಟಿಕೊಂಡಿದೆ, ನಿಂತಾಗ ಬಿಟ್ಟಿದೆ. ಮೂರು ಸಲ.

ಪಾಪಣ್ಣ ಆಚೆ ತಿರುಗಿ ಬೀಡಿ ಸೇದುತ್ತಿದ್ದ. ರಾಮಾಂಜನೇಯ ಬಟ್ಟೆಯನ್ನು ಮುದುರಿ ಜೇಬಿಗೆ ಹಾಕಿಕೊಂಡುಬಿಟ್ಟ. ಕ್ಯಾನಿನ ಕಸವೇ ಎಂದರೆ ಮುಗಿಯಿತಲ್ಲ, ಯಾರಿಗೆ ಗೊತ್ತಾಗುತ್ತದೆ? ಹಾಗೂ ಅಂದುಕೊಂಡ, ಸುಳ್ಳೇಕೆ ಹೇಳಲಿ. ಆದರೆ ತಾಯಿಯನ್ನು ಕಳಕೊಂಡ ಹುಡುಗಿ ತಂದೆಯನ್ನೂ ಕಳಕೊಳ್ಳುತ್ತಾಳಲ್ಲ ಎಂದು ಕೈ ಮತ್ತೆ ಜೇಬಿಗೆ ಹೋಯಿತು.

"ಕಸ ಬಂತೇನೋ?" ಎಂದ ಪಾಪಣ್ಣ.

ರಾಮಾಂಜನೇಯ ಬಟ್ಟೆ ತೆಗೆದು ತೋರಿಸಿದ. "ಇದು ನಂದು ಕಣೋ. ನಿನ್ ಡೀಸೆಲ್‌ದೇನೂ ತಪ್ಪಿಲ್ಲ. ಹಿಂದಿನ ಸಲ ನಾನು ಎಣಿಸ್ಲಿಲ್ಲ."

ಪಾಪಣ್ಣ ಕೈ ಎತ್ತಲಿಲ್ಲ. ಎರಡು ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು. ಬೀಡಿ ನೆಲಕ್ಕೆ ಹಾಕಿ ಹೊಸಕಿ, "ಟ್ಯಾಂಕ್ ಕೂರ್ಸು. ಮನೀಗ್ ಹೋಗಾಣ. ಅವ್ಳಿಗೆ ನೀನೇ ಹೇಳು" ಎಂದ.

ಟ್ಯಾಂಕು ಕೂರಿಸಿ ಇಬ್ಬರೂ ಹೊರಟರು. ಗಾಡಿ ಎಲ್ಲೂ ನಿಲ್ಲಲಿಲ್ಲ.

ಅಂಗಳಕ್ಕೆ ಕಾಲಿಡುತ್ತಲೇ ಕೀರ್ತನಾ ಚೊಂಬಿನಲ್ಲಿ ನೀರು ತಂದಳು. "ಬಾ ಮಾವ, ಕುಂತ್ಕ" ಎಂದಳು. ಅತ್ತೂ ಅತ್ತೂ ಮುಖ ಬಾತುಹೋಗಿತ್ತು. ಅಪ್ಪನ ಕಡೆ ನೋಡಲೂ ಇಲ್ಲ.

ರಾಮಾಂಜನೇಯ ಕೂರಲಿಲ್ಲ. ನೀರನ್ನೂ ಮುಟ್ಟಲಿಲ್ಲ. ನಿಂತೇ ಎಲ್ಲ ಹೇಳಿದ. ಕೊನೆಗೆ ಬಟ್ಟೆಯನ್ನು ಅವಳ ಮುಂದೆ ಹಿಡಿದ.

ಹುಡುಗಿ ಬಟ್ಟೆ ನೋಡಿದಳು, ಅಪ್ಪನನ್ನು ನೋಡಿದಳು. "ನಾನ್ ಅಷ್ಟೆಲ್ಲ ಅಂದ್ರೂ ಸುಮ್ನಿದ್ಯಲ್ಲಪ್ಪ" ಎಂದು ಅವನ ಎದೆಗೆ ಬಿದ್ದು ಅತ್ತಳು. ಪಾಪಣ್ಣನೂ ಅತ್ತ. ಆಮೇಲೆ ಅವಳು ಅದೇ ಚೊಂಬಿನ ನೀರನ್ನು ಅಪ್ಪನ ಕೈಗೆ ಹಾಕಿ, "ನಡಿಯಪ್ಪ, ಉಣ್ಣು" ಎಂದು ಒಳಗೆ ಕರೆದುಕೊಂಡು ಹೋದಳು.

ರಾಮಾಂಜನೇಯನಿಗೆ ಜೀವ ಬಂದಂತಾಯಿತು. ಹೊರಡಲೂ ಮನಸ್ಸಾಗದೆ ಅಂಗಳದಲ್ಲೇ ನಿಂತಿದ್ದ.

ಸ್ವಲ್ಪ ಹೊತ್ತಿಗೆ ಕೀರ್ತನಾ ಬಾಗಿಲಿಗೆ ಬಂದಳು. ಹೊಸಬರೊಡನೆ ಮಾತಾಡುವ ದನಿಯಲ್ಲಿ, "ನೀವಿನ್ನ ಹೊರಡ್ರಿ" ಎಂದಳು.